ಗೋಡೆಗೆ ಹಾಕಿದ ಹೆಂಗಸರು

ಮಧುಗಿರಿ ಪೇಟೆಯಲ್ಲಿ ಅವರನ್ನು ಜಾಕೀಟಮ್ಮ ಅನ್ನುತ್ತಿದ್ದರು. ಎದುರಿಗಲ್ಲ, ಅವರು ದಾಟಿ ಹೋದ ಮೇಲೆ. ಆಗಿನ್ನೂ ನಮ್ಮ ಕಡೆ ರವಿಕೆಗೆ ಜಾಕೀಟು ಅನ್ನುವ ಹೆಸರು ಹೊಸದಾಗಿ ಬಂದಿತ್ತು. ಮೊಳಕೈವರೆಗೆ ತೋಳು, ಮುಂದೆ ಗುಂಡಿ, ಕತ್ತಿನ ಸುತ್ತ ಪಟ್ಟಿ. ಅದನ್ನು ಕತ್ತರಿಸಿ ಹೊಲಿಯುವುದನ್ನೂ ಚಿತ್ರ ಬರೆಯುವುದನ್ನೂ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಲು ಬಂದವರು ಅವರು, ನಮಗೆಲ್ಲ ಮೇಡಮ್ಮ. ಆ ಅಡ್ಡಹೆಸರು ಅವರ ಕಿವಿಗೂ ಬಿದ್ದಿತ್ತು. ಒಂದು ದಿನ ಕ್ಲಾಸಿನಲ್ಲಿ ತಾವೇ ಎತ್ತಿ ಹೇಳಿದರು: ಪಟೇಲರನ್ನ ಪಟೇಲರು ಅಂತಾರೆ, ಶ್ಯಾನುಭೋಗರನ್ನ ಶ್ಯಾನುಭೋಗರು ಅಂತಾರೆ, ಮಾಡೋ ಕೆಲಸದ ಹೆಸರು ಹಿಡಿದು ಕರೆದರೆ ಅದು ಮರ್ಯಾದೆಯೇ. ಅಂದಿನಿಂದ ನಾವು ಆ ಹೆಸರು ಕೇಳಿ ನಗುವುದನ್ನು ಬಿಟ್ಟೆವು.

ಅವರು ತೀರಿಕೊಂಡು ಇನ್ನೂ ವರ್ಷ ತುಂಬಿಲ್ಲ. ಅವರ ಜೀವನವೆಲ್ಲ ನನಗೆ ಗೊತ್ತಿಲ್ಲ. ಕೇಳಿದರೆ ಹೇಳುವವರೂ ಆಗಿರಲಿಲ್ಲ. ಹುಟ್ಟಿದ್ದು ಶಿರಾದಲ್ಲಿ, ಕಡಲೇಕಾಯಿ ವ್ಯಾಪಾರ ಮಾಡುವ ಲಿಂಗವಂತರ ಮನೆಯಲ್ಲಿ. ಕೊಟ್ಟದ್ದು ಕೊರಟಗೆರೆಗೆ. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದಾಗ ಉಟ್ಟ ಬಟ್ಟೆಯಲ್ಲೇ ಹೊರಟು, ತವರಿಗೂ ಹೋಗದೆ, ತುಮಕೂರಿನಲ್ಲಿ ಒಬ್ಬ ಬಿಳಿಯ ದೊರೆಸಾನಿ ನಡೆಸುತ್ತಿದ್ದ ಹೊಲಿಗೆ ಶಾಲೆಗೆ ಸೇರಿದರಂತೆ. ಈ ವಿಷಯ ಅವರ ಬಾಯಿಂದ ನಾನು ಕೇಳಿದ್ದು ಒಂದೇ ಸಲ. "ಅವರಿಗೆ ಇನ್ನೊಬ್ಬಳು ಬೇಕಾಗಿತ್ತು, ನನಗೆ ಆ ಮನೆ ಬೇಕಾಗಿರಲಿಲ್ಲ. ಯಾರಿಗೂ ನಷ್ಟ ಆಗ್ಲಿಲ್ಲ ಕಣಮ್ಮ" ಅಂದು ಸೂಜಿಗೆ ದಾರ ಪೋಣಿಸಿದರು.

ಎತ್ತರದ ಆಳು, ಅಗಲ ಭುಜ, ಕಪ್ಪು ಬಣ್ಣ. ಬೆಳಿಗ್ಗೆ ಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಇಟ್ಟುಕೊಂಡು ಬರುತ್ತಿದ್ದರು. ಕೊರಳಲ್ಲಿ ತಾಳಿ ಇರಲಿಲ್ಲ, ಕೈಯಲ್ಲಿ ಬಳೆ ಇರಲಿಲ್ಲ, ಎದೆಯ ಮೇಲೆ ಲಿಂಗದ ಕರಡಿಗೆ ಮಾತ್ರ ಇತ್ತು. ನಮ್ಮ ಜೊತೆಯವಳೊಬ್ಬಳು ಯಾಕೆ ಹೀಗೆ ಎಂದು ಬಾಯಿಬಿಟ್ಟು ಕೇಳಿಯೇ ಬಿಟ್ಟಳು. ಕರಡಿಗೆಯನ್ನು ಮುಟ್ಟಿ ತೋರಿಸಿ, ಮೈಮೇಲೆ ಇರೋದ್ರಲ್ಲಿ ನಾನಾಗಿ ಇಷ್ಟಪಟ್ಟು ಕಟ್ಟಿಕೊಂಡಿರೋದು ಇದೊಂದೇ, ಇದು ಸಾಕು ಅಂದರು.

ಅವರು ಚಪ್ಪಲಿ ಹಾಕುತ್ತಿದ್ದರು. ಈಗಿನವರಿಗೆ ಇದೊಂದು ಹೇಳುವ ವಿಷಯ ಅನ್ನಿಸಲಾರದು. ನಮ್ಮ ಮನೆ ಇದ್ದದ್ದು ದೇವಸ್ಥಾನದ ಬೀದಿಯಲ್ಲಿ. ನನ್ನ ತಂದೆ ಅಲ್ಲಿನ ಅರ್ಚಕರು. ಆ ಬೀದಿಯಲ್ಲಿ ಹೆಂಗಸರು ಮೆಟ್ಟು ಹಾಕಿಕೊಂಡು ಓಡಾಡುವ ಪದ್ಧತಿಯೇ ಇರಲಿಲ್ಲ. ಬೇಸಿಗೆಯಲ್ಲಿ ಬೆಟ್ಟದ ಬಂಡೆ ಕಾದು ಊರೆಲ್ಲ ಹಂಚಿನ ಹಾಗೆ ಸುಡುತ್ತಿದ್ದಾಗಲೂ ನನ್ನ ತಾಯಿ, ಅಜ್ಜಿ ಬರಿಗಾಲಲ್ಲೇ ನಡೆಯುತ್ತಿದ್ದರು. ಇವರು ಟಪಟಪ ಸದ್ದು ಮಾಡುತ್ತ ಹೋಗುವುದನ್ನು ನೋಡಿ ಜಗಲಿಯ ಮೇಲಿದ್ದ ಹಿರಿಯರೊಬ್ಬರು, ದೊಡ್ಡವರು ಕೂತಿರುವ ಕಡೆ ಕೈಯಲ್ಲಿ ಹಿಡಿದುಕೊಂಡು ಹೋಗಬೇಕಮ್ಮ ಎಂದು ಬುದ್ಧಿ ಹೇಳಿದರು. ಇವರು ನಿಂತು ನಮಸ್ಕಾರ ಮಾಡಿ, "ನೆಲ ಸುಡ್ತದೆ ಸ್ವಾಮಿ. ನೀವು ಜಗಲಿ ಮೇಲೆ ಕೂತಿದೀರಿ, ಗೊತ್ತಾಗಿರಲ್ಲ" ಎಂದು ಹೇಳಿ ಹೊರಟುಹೋದರು.

ಅವರ ಚಿತ್ರದ ಕ್ಲಾಸಿನಲ್ಲಿ ಒಂದು ದಪ್ಪ ಪುಸ್ತಕವಿತ್ತು. ದೊರೆಸಾನಿ ತಮ್ಮ ದೇಶಕ್ಕೆ ಹೋಗುವಾಗ ಕೊಟ್ಟುಹೋದದ್ದು. ದೊರೆಸಾನಿಯ ಅಜ್ಜಿಯ ಕಾಲದಲ್ಲಿ ಅವರ ಸೀಮೆಯಲ್ಲಿ ತಿಂಗಳು ತಿಂಗಳೂ ಅಚ್ಚಾಗುತ್ತಿದ್ದ ಉಡುಪಿನ ಚಿತ್ರಗಳನ್ನೆಲ್ಲ ಸೇರಿಸಿ ಹೊಲಿದಿದ್ದರು. ಕೈಯಲ್ಲಿ ಬಣ್ಣ ತುಂಬಿದ ಹೆಂಗಸರು. ಗುಡಾರದಂಥ ಲಂಗ, ಮುಷ್ಟಿಯಲ್ಲಿ ಹಿಡಿಯಬಹುದಾದ ಸೊಂಟ, ಗುಬ್ಬಚ್ಚಿಯಂಥ ಪಾದ. ಒಬ್ಬಳೂ ನೇರವಾಗಿ ನೋಡುತ್ತಿರಲಿಲ್ಲ. ಕೆಳಗೆ ಬರಹ: ಇದು ಬೆಳಗಿನ ಉಡುಪು, ಇದು ತಿರುಗಾಟದ ಉಡುಪು, ಬಟ್ಟೆ ಇಂಥದ್ದು, ಪಟ್ಟಿ ಇಂಥದ್ದು. ನಾವು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. ಅವರು ಒಂದು ಪ್ರಶ್ನೆ ಕೇಳಿದರು. ಇವಳು ಊಟ ಮಾಡಿದರೆ ಅನ್ನ ಎಲ್ಲಿಗೆ ಹೋಗುತ್ತೆ? ನಾವು ನಕ್ಕೆವು. ಅವರು ನಗಲಿಲ್ಲ. ಮೂಳೆ ಬಗ್ಗುವಷ್ಟು ಬಿಗಿಯಾಗಿ ಒಳಗೆ ಕಟ್ಟುತ್ತಿದ್ದರು, ಮೂರ್ಛೆ ಹೋಗುತ್ತಿದ್ದರು, ಮೂರ್ಛೆ ಹೋಗುವುದೂ ನಾಜೂಕು ಅನ್ನಿಸಿಕೊಳ್ಳುತ್ತಿತ್ತು ಎಂದು ವಿವರಿಸಿದರು. ಆಮೇಲೆ ಒಂದು ಚಿತ್ರದ ಮೂಲೆಯಲ್ಲಿದ್ದ ಸಣ್ಣ ಸಹಿಯನ್ನು ತೋರಿಸಿ ಹೇಳಿದರು: "ಇದನ್ನ ಬರೆದೋಳೂ ಹೆಂಗಸೇ ಅಂತೆ. ಹೊಟ್ಟೆಪಾಡಿಗೆ ಬರೆದಿದ್ದಾಳೆ. ಸೊಂಟ ಎಷ್ಟಿರಬೇಕು ಅಂತ ಬೇರೆಯೋರು ಹೇಳಿದ್ದಾರೆ, ಕೈ ಮಾತ್ರ ಇವಳದು. ನಿಮ್ಮ ಕೈಲಿ ಪೆನ್ಸಿಲ್ ಇರೋವಾಗ ಇದನ್ನ ಮರೀಬೇಡಿ."

ಅದೇ ಪುಸ್ತಕದಲ್ಲಿ ಅಡಿಯಿಂದ ಮುಡಿಯವರೆಗೆ ಕಪ್ಪು ಉಟ್ಟ ಹೆಂಗಸೊಬ್ಬಳಿದ್ದಳು. ಗಂಡ ಸತ್ತವಳ ಉಡುಪು ಎಂದು ಕೆಳಗಿತ್ತು. ಅಲ್ಲೂ ಹಾಗೇನಾ ಎಂದು ಕೇಳಿದೆ. ಅಲ್ಲೂ ಹಾಗೇ, ಆದರೆ ಕೆಲವು ವರ್ಷ ಕಳೆದ ಮೇಲೆ ಬೂದು ಬಣ್ಣ ಉಡಬಹುದು, ಆಮೇಲೆ ನೇರಳೆ, ಅದಕ್ಕೊಂದು ಅವಧಿ ಇದೆ ಅಂದರು. ಅಷ್ಟು ಹೇಳಿ ಪುಸ್ತಕ ಮುಚ್ಚಿದರು. ನನಗೆ ಮನೆಯಲ್ಲಿದ್ದ ಅತ್ತೆಯ ನೆನಪಾಯಿತು. ಅತ್ತೆ ಅಂದರೆ ನನ್ನ ತಂದೆಯ ತಂಗಿ. ಗಂಡನ ಮನೆಗೆ ಹೋಗುವ ಮೊದಲೇ ಗಂಡ ಹೋದ. ಅವನ ಮುಖವೂ ಅವಳಿಗೆ ನೆನಪಿರಲಿಲ್ಲ. ಕೆಂಪು ಸೀರೆ, ಬೋಳಿಸಿದ ತಲೆ, ಹಿತ್ತಲು, ಅಡಿಗೆಮನೆ. ನಾನು ಹುಟ್ಟಿದಾಗಿನಿಂದ ನೋಡಿದ್ದು ಅಷ್ಟನ್ನೇ.

ಮೈಯನ್ನು ನೋಡಿ ಬರೆಯಬೇಕು, ಚಿತ್ರವನ್ನು ನೋಡಿ ಅಲ್ಲ ಅನ್ನುವುದು ಅವರ ಹಟ. ಒಮ್ಮೆ ನಮ್ಮನ್ನೆಲ್ಲ ಗಾಡಿ ಕಟ್ಟಿಸಿ ಸಿದ್ದರಬೆಟ್ಟಕ್ಕೆ ಕರೆದುಕೊಂಡು ಹೋದರು. ದೇವರ ದರ್ಶನವೆಂದು ಮನೆಯವರೆಲ್ಲ ಒಪ್ಪಿ ಕಳಿಸಿದ್ದರು. ದರ್ಶನವೂ ಆಯಿತು. ಆದರೆ ಅದಕ್ಕೆ ಮೊದಲು ಮೆಟ್ಟಿಲ ಪಕ್ಕದಲ್ಲಿ ಕೂಡಿಸಿ, ಹತ್ತುವ ಹೆಂಗಸರ ಮಂಡಿ ಎಲ್ಲಿ ಮಡಿಯುತ್ತದೆ, ಸೀರೆ ಎಲ್ಲಿ ತೊಡರುತ್ತದೆ, ಮಗುವನ್ನು ಎತ್ತಿಕೊಂಡವಳ ಸೊಂಟ ಯಾವ ಕಡೆ ವಾಲುತ್ತದೆ ನೋಡಿ ಬರೆಯಿರಿ ಅಂದರು. ಅಲ್ಲಿಯವರೆಗೆ ಹೆಂಗಸಿನ ಚಿತ್ರ ಎಂದರೆ ನಮಗೆ ಕಮಲ ಹಿಡಿದುಕೊಂಡು ನಿಂತವಳು.

ಬೆಟ್ಟದಿಂದ ಸೌದೆ ಹೊತ್ತು ತಂದು ಮಾರುತ್ತಿದ್ದ ತಿಮ್ಮಕ್ಕ ಎಂಬಾಕೆ ಶಾಲೆಗೂ ಸೌದೆ ಹಾಕುತ್ತಿದ್ದಳು. ಅವಳ ಮೈಮೇಲೆ ಸೀರೆಯೊಂದೇ, ಕುಪ್ಪಸವಿರಲಿಲ್ಲ. ಅವಳ ಕಡೆಯ ಹೆಂಗಸರು ತೋಳಿನ ಕುಪ್ಪಸ ತೊಟ್ಟರೆ ಊರ ಗೌಡರಿಗೆ ಸರಿಬರುತ್ತಿರಲಿಲ್ಲ. ಹೊರೆ ಉಜ್ಜಿ ಭುಜ ಕಿತ್ತುಹೋಗಿರುವುದನ್ನು ನೋಡಿ ಮೇಡಮ್ಮ ಅವಳ ಅಳತೆ ತೆಗೆದುಕೊಂಡರು. ತಿಮ್ಮಕ್ಕ, "ಹೊಲ್ಕೊಡವ್ವ, ಗೌಡ್ರು ಬಂದು ಹೊರೆ ಹೊರ್ತಾರಾ" ಅಂದಳು. ಭುಜಕ್ಕೆ ಎರಡು ಪದರ ಕೊಟ್ಟು, ಎಲೆಅಡಿಕೆಗೆಂದು ಎಡಗಡೆ ಜೇಬಿಟ್ಟು ಹೊಲಿದುಕೊಟ್ಟರು. ಗೌಡರ ಸಿಟ್ಟಿಗಿಂತ ಆ ಜೇಬಿನ ಸುದ್ದಿಯೇ ಪೇಟೆಯಲ್ಲಿ ಹೆಚ್ಚು ಹರಡಿತು. ಹೆಂಗಸಿಗೆ ಜೇಬು ಯಾತಕ್ಕೆ, ಅದರೊಳಗೆ ಏನಿಟ್ಟುಕೊಳ್ಳುತ್ತಾಳೆ ಎಂದು ಬಟ್ಟೆ ಅಂಗಡಿಯವರು ಇವರನ್ನೇ ಕೇಳಿದರು. ನಿಮ್ಮ ಜೇಬಲ್ಲಿ ಏನಿದೆ ಅಂತ ನಾವು ಯಾವತ್ತಾದರೂ ಕೇಳಿದ್ದೇವಾ ಅಂದರಂತೆ. ಆಮೇಲೆ ಅವರು ಹೊಲಿದ ಪ್ರತಿಯೊಂದು ಜಾಕೀಟಿಗೂ ಜೇಬಿರುತ್ತಿತ್ತು.

ನಮ್ಮ ಶಾಲೆಯನ್ನು ನಡೆಸುತ್ತಿದ್ದದ್ದು ಊರಿನ ದೊಡ್ಡಮನುಷ್ಯರ ಕಮಿಟಿ. ಹಿರಿಯ ವಕೀಲರೊಬ್ಬರು ಅಧ್ಯಕ್ಷರು. ಆ ವರ್ಷ ಹುಡುಗಿಯರ ಕೆಲಸದ ಪ್ರದರ್ಶನ ಏರ್ಪಾಡಾಯಿತು. ಅಮಲ್ದಾರರ ಹೆಂಡತಿ ಬಂದು ನೋಡುವುದಿತ್ತು. ಆದರ್ಶ ಗೃಹಿಣಿಯರ ಚಿತ್ರಗಳನ್ನು ಮಕ್ಕಳಿಂದ ಬರೆಸಿ ಎಂದು ವಕೀಲರು ಹೇಳಿಕಳಿಸಿದರು. ಮೇಡಮ್ಮ ಒಪ್ಪಿಕೊಂಡು ನಮಗೆ ಹೇಳಿದ್ದು ಇಷ್ಟೇ. ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇರುವ ಒಬ್ಬಳನ್ನು, ಅವಳನ್ನು ಕೇಳಿ, ಕೂಡಿಸಿಕೊಂಡು, ಇದ್ದ ಹಾಗೆ ಬರೆಯಿರಿ. ದೊರೆಸಾನಿ ಪುಸ್ತಕದಲ್ಲಿರುವಂತೆ ಉಡುಪಿನ ವಿವರ ಕೆಳಗೆ ಬರೆಯಿರಿ.

ನಾನು ಅತ್ತೆಯನ್ನು ಕೇಳಿದೆ. ಅವಳು ಹಿತ್ತಲಲ್ಲಿ ದೇವರಿಗೆ ಬತ್ತಿ ಹೊಸೆಯುತ್ತಿದ್ದಳು. ನನ್ನದೇನು ಬರೀತೀಯೆ ಅಂದಳು. ಇನ್ನೊಂದು ಬತ್ತಿ ಹೊಸೆದಿಟ್ಟು, ಬರಿ, ನಾನು ಹೇಗಿದ್ದೀನಿ ಅಂತ ನಾನೂ ನೋಡಿಲ್ಲ ಅಂದಳು. ನಮ್ಮ ಮನೆಯಲ್ಲಿ ಅವಳು ಕನ್ನಡಿ ನೋಡುವಂತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದಾಗ ಬಾವಿಕಟ್ಟೆಯ ಮೇಲೆ ಕೂತಳು, ನಾನು ಬರೆದೆ. ಕೆಳಗೆ ಏನು ಬರೆಯಬೇಕೆಂದು ತೋಚದೆ ಅವಳನ್ನೇ ಕೇಳಿದೆ. ಅವಳು ಹೇಳುತ್ತ ಹೋದಳು, ನಾನು ಬರೆದುಕೊಂಡೆ. "ಬಟ್ಟೆ: ಕೆಂಪು. ಕುಪ್ಪಸ: ಇಲ್ಲ. ಕೂದಲು: ಕ್ಷೌರದವನು ಬರುವವರೆಗೆ. ಅವಧಿ: ಸಾಯುವ ತನಕ."

ಪ್ರದರ್ಶನದ ದಿನ ಒಂದು ಗೋಡೆಗೆ ಪುಸ್ತಕದಿಂದ ಬಿಚ್ಚಿದ ಸೀಮೆಯ ಹೆಂಗಸರು, ಎದುರು ಗೋಡೆಗೆ ನಮ್ಮವರು. ನಡುವೆ ಮೇಡಮ್ಮನ ಕೈಬರಹದಲ್ಲಿ ಒಂದು ಹಲಗೆ: ನಮ್ಮ ಊರಿನ ಮಾದರಿ ಉಡುಪುಗಳು. ತಿಮ್ಮಕ್ಕ ಹೊರೆಯೊಂದಿಗೆ ಇದ್ದಳು. ಒಡವೆಯ ಭಾರಕ್ಕೆ ಕಿವಿ ಹರಿದ ಮದುಮಗಳಿದ್ದಳು. "ಓಲೆ: ಅತ್ತೆ ಮನೆಯದು. ಕಿವಿ: ಇವಳದು" ಎಂದು ಅದನ್ನು ಬರೆದ ಹುಡುಗಿ ಕೆಳಗೆ ಸೇರಿಸಿದ್ದಳು. ವಕೀಲರು ಕಮಿಟಿಯವರೊಂದಿಗೆ ಮುಂಚಿತವಾಗಿ ನೋಡಲು ಬಂದರು. ಮದುಮಗಳ ಮುಂದೆ ನಕ್ಕರು, ತಿಮ್ಮಕ್ಕನ ಮುಂದೆ ಮುಖ ಗಂಟಿಕ್ಕಿದರು, ಅತ್ತೆಯ ಮುಂದೆ ನಿಂತುಬಿಟ್ಟರು. ತೆಗೆಯಿರಿ ಇದನ್ನು ಅಂದರು. ದೇವಸ್ಥಾನಕ್ಕೆ ಆಳು ಕಳಿಸಿ ನನ್ನ ತಂದೆಯನ್ನೂ ಕರೆಸಿದರು.

ತಂದೆ ಮಡಿಪಂಚೆಯಲ್ಲೇ ಬಂದರು. ಚಿತ್ರ ನೋಡಿದರು, ಓದಿದರು. ಅವರು ಕೂಗಾಡುವವರಲ್ಲ. ನಮ್ಮ ಮನೆಯ ಹೆಣ್ಣುಮಗಳನ್ನು ತಂದು ಸಂತೆಯಲ್ಲಿ ನಿಲ್ಲಿಸಿ ಅವಮಾನ ಮಾಡಿದಿರಿ ಎಂದು ಮೆಲ್ಲಗೆ ಹೇಳಿದರು.

ಮೇಡಮ್ಮ ಗೋಡೆಯ ಮುಂದೆ ಬಂದು ನಿಂತುಕೊಂಡರು. "ಬರೆದೋಳು ನಿಮ್ಮ ಮಗಳು. ಕೂತು ಬರೆಸ್ಕೊಂಡೋಳು ನಿಮ್ಮ ತಂಗಿ. ಅವಮಾನ ಆಗಿದ್ರೆ ಆದೋರು ಬಂದು ಹೇಳ್ಲಿ, ನನ್ನ ಕೈಯಾರೆ ತೆಗೆದು ಕೊಡ್ತೀನಿ."

ಅಂಥ ಹೆಂಗಸರು ಹಗಲು ಹೊತ್ತು ಹೊರಗೆ ಬರುವುದಿಲ್ಲವೆಂದು ನಿಮಗೆ ಗೊತ್ತಿಲ್ಲವೇ ಎಂದರು ವಕೀಲರು.

"ಗೊತ್ತು. ಗೋಡೆ ಮೇಲೆ ನೋಡಿದರೆ ನಿಮಗೆ ನಾಚಿಕೆ ಆಗ್ತದೆ. ಮನೇಲಿ ದಿನಾ ನೋಡೋವಾಗ ಯಾಕೆ ಆಗಲ್ಲ?"

ನಾನು ಯಾರನ್ನೂ ಕೇಳದೆ ಮನೆಗೆ ಓಡಿದೆ. ಅಡಿಗೆಮನೆಯಲ್ಲಿದ್ದ ಅತ್ತೆಗೆ ನಡೆದದ್ದನ್ನೆಲ್ಲ ಏದುಸಿರಿನಲ್ಲಿ ಹೇಳಿದೆ. ಅವಳು ಕೈ ತೊಳೆದುಕೊಂಡಳು, ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು, ಹಿತ್ತಲ ಬಾಗಿಲ ಕಡೆ ತಿರುಗದೆ ಮುಂಬಾಗಿಲಿಂದಲೇ ಹೊರಗೆ ಬಂದಳು. ಅಜ್ಜಿ ಹಿಂದಿನಿಂದ ಕರೆಯುತ್ತಲೇ ಇದ್ದಳು. ನಡುಮಧ್ಯಾಹ್ನ, ಬೀದಿಯ ನಡುವೆ, ಬರಿಗಾಲಲ್ಲಿ, ಜಗಲಿಗಳ ಮೇಲೆ ಜನ ಎದ್ದು ನಿಂತದ್ದನ್ನು ಕಂಡೂ ಕಾಣದ ಹಾಗೆ ನಡೆದಳು.

ಶಾಲೆಯಲ್ಲಿ ಅವಳು ಮೊದಲು ತನ್ನ ಚಿತ್ರದ ಹತ್ತಿರ ಹೋಗಲಿಲ್ಲ. ಸೀಮೆಯ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ನೋಡಿದಳು, ಮದುಮಗಳನ್ನು ನೋಡಿದಳು, ತಿಮ್ಮಕ್ಕನನ್ನು ನೋಡಿದಳು. ಅಷ್ಟು ಗಂಡಸರು ಸುಮ್ಮನೆ ಕಾಯುತ್ತ ನಿಂತಿದ್ದರು. ಕೊನೆಗೆ ತನ್ನ ಮುಂದೆ ನಿಂತು ತುಂಬ ಹೊತ್ತು ನೋಡಿ ನನ್ನನ್ನು ಹತ್ತಿರ ಕರೆದಳು.

"ಕಣ್ಣು ಕೆಳಗೆ ಮಾಡಿ ಬರೆದಿದ್ದೀಯ. ನಾನು ಹಾಗೆ ಕೂತಿರಲಿಲ್ಲ, ನಿನ್ನನ್ನೇ ನೋಡ್ತಿದ್ದೆ. ಅದನ್ನು ಸರಿಮಾಡು."

ಮೇಡಮ್ಮ ರಬ್ಬರನ್ನೂ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟರು. ಎಲ್ಲರ ಎದುರಿಗೆ, ಗೋಡೆಯ ಮೇಲಿದ್ದ ಹಾಗೆಯೇ, ಕಣ್ಣು ಅಳಿಸಿ ಮತ್ತೆ ಬರೆದೆ. ಬರೆದು ಮುಗಿಸಿ ತಿರುಗುವ ಹೊತ್ತಿಗೆ ತಂದೆ ಹೋಗಿಬಿಟ್ಟಿದ್ದರು. ಸಂಜೆ ಅಮಲ್ದಾರರ ಹೆಂಡತಿ ಬಂದರು. ಆ ಚಿತ್ರದ ಮುಂದೆ ನಿಂತರು, ಓದಿದರು, ಸಿದ್ಧವಾಗಿದ್ದ ಭಾಷಣ ಮಾಡದೆ ಹೊರಟುಹೋದರು.

ಆ ತಿಂಗಳಲ್ಲೇ ಕಮಿಟಿಯವರು ಮೇಡಮ್ಮನನ್ನು ಕರೆಸಿ ರಾಜೀನಾಮೆ ಕೇಳಿದರು. ನಾನು ಕೊಡುವುದಿಲ್ಲ, ನೀವೇ ತೆಗೆಯಿರಿ, ಯಾತಕ್ಕೆ ತೆಗೆದಿರಿ ಎಂದು ಕೇಳಿದವರಿಗೆಲ್ಲ ನೀವೇ ಹೇಳಿಕೊಂಡು ಓಡಾಡಿ ಎಂದರಂತೆ. ತೆಗೆದರು. ಅವರು ಹೊಲಿಗೆ ಮಿಶನ್ನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಪಾವಗಡಕ್ಕೆ ಹೋಗಿ ಬಾಡಿಗೆ ಮನೆಯಲ್ಲಿ ಸ್ವಂತ ಕ್ಲಾಸು ತೆರೆದರು. ಅಷ್ಟು ದೂರ, ಅಂಥ ಬರದ ಸೀಮೆ ಯಾಕೆ ಎಂದು ನಾವು ಅಳುತ್ತ ಕೇಳಿದಾಗ, ಅಲ್ಲಿ ಕಮಿಟಿ ಇಲ್ಲ ಅಂದರು.

ನಮ್ಮ ಮನೆಯಲ್ಲಿ ಬೇರೆಯದು ನಡೆಯಿತು. ಕ್ಷೌರದವನು ಬರುವ ದಿನ ಅತ್ತೆ ಹಿತ್ತಲಿಗೆ ಹೋಗಲಿಲ್ಲ. ಅವನನ್ನು ವಾಪಸು ಕಳಿಸು ಎಂದು ತಂದೆಗೆ ಹೇಳಿದಳು. "ಅಣ್ಣ, ಇನ್ನುಮೇಲೆ ನನ್ನ ತಲೆ ನನಗಿರಲಿ." ತಂದೆ ಕ್ರೂರಿಯಲ್ಲ. ಅವಳನ್ನು ಎತ್ತಿ ಆಡಿಸಿದವರು. ನೀನು ಹೀಗೆ ಮಾಡಿದರೆ ನಾನು ಗರ್ಭಗುಡಿಯೊಳಗೆ ಹೇಗೆ ಹೋಗಲಿ, ಜನ ನನ್ನ ಕೈಯಿಂದ ತೀರ್ಥ ತಗೋತಾರಾ ಎಂದು ಅತ್ತುಬಿಟ್ಟರು. ಅವಳು ಅಳಲಿಲ್ಲ. ಹಾಗಾದರೆ ನಾನು ಈ ಮನೆಯಲ್ಲಿರುವುದಿಲ್ಲ, ನಿನ್ನ ಪೂಜೆ ನಿಲ್ಲುವುದು ಬೇಡ ಎಂದಳು. ಮಾರನೆಯ ದಿನ ಪಾವಗಡದ ಬಸ್ಸು ಹತ್ತಿದಳು. ತಂದೆ ಸಾಯುವವರೆಗೂ ಅವಳ ಹೆಸರೆತ್ತಲಿಲ್ಲ. ನನ್ನನ್ನೂ ಶಾಲೆ ಬಿಡಿಸಿದರು. ಒಂದೆರಡು ವರ್ಷದಲ್ಲಿ ಶಿರಾಕ್ಕೆ ಕೊಟ್ಟು ಮದುವೆ ಮಾಡಿದರು. ಮೇಡಮ್ಮ ಮದುವೆಗೆ ಬರಲಿಲ್ಲ, ಕರೆದಿರಲೂ ಇಲ್ಲ. ಒಂದು ಜಾಕೀಟು ಮಾತ್ರ ಕಳಿಸಿದ್ದರು. ನನ್ನ ಅಳತೆ ಅವರಿಗೆ ಗೊತ್ತಿತ್ತು.

ಶಿರಾದಿಂದ ನಾನು ಆಗಾಗ ಪಾವಗಡಕ್ಕೆ ಹೋಗುತ್ತಿದ್ದೆ. ನನ್ನ ಯಜಮಾನರು ಕಂಡೂ ಕಾಣದ ಹಾಗೆ ಇದ್ದುಬಿಡುತ್ತಿದ್ದರು, ಅದು ಅವರ ಒಳ್ಳೆಯತನ. ಮೊದಲ ಸಲ ಹೋದಾಗ ಬಾಗಿಲು ತೆಗೆದ ಅತ್ತೆಯನ್ನು ನಾನು ಗುರುತು ಹಿಡಿಯಲಿಲ್ಲ. ಅವಳ ತಲೆ ತುಂಬ ಗುಂಗುರು ಕೂದಲು. ನಮ್ಮ ವಂಶದಲ್ಲಿ ಯಾರಿಗೂ ಇಲ್ಲ. ಅವಳ ಕೂದಲು ಗುಂಗುರು ಎಂದು ಅವಳಿಗೇ ಗೊತ್ತಿರಲಿಲ್ಲವಂತೆ. ಮೇಡಮ್ಮ ದಿನವೂ ಸಂಜೆ ಎಣ್ಣೆ ಹಚ್ಚಿ ಸಿಕ್ಕು ಬಿಡಿಸುತ್ತ, ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ ಎಂದು ಬೈಯುತ್ತಿದ್ದರು.

ಆ ಮನೆಯಲ್ಲಿ ಮೊದಮೊದಲು ಎರಡು ಒಲೆ ಇದ್ದವು. ಅತ್ತೆಗೆ ಮಡಿ ಬಿಡುವುದು ಕಷ್ಟವಾಗಿತ್ತು, ಮೇಡಮ್ಮ ಬಿಡು ಎಂದು ಹೇಳಲೂ ಇಲ್ಲ. ಯಾವಾಗ ಒಂದೇ ಒಲೆಯಾಯಿತೋ ಇಬ್ಬರಿಗೂ ನೆನಪಿರಲಿಲ್ಲ. ಅಲ್ಲಿನ ತೆಲುಗಿನ ಹುಡುಗಿಯರು ಮೇಡಮ್ಮನನ್ನು ಪಂತುಲಮ್ಮ, ಅಂದರೆ ಮೇಷ್ಟ್ರಮ್ಮ, ಎಂದು ಕರೆಯುತ್ತಿದ್ದರು. ಹೊಲಿಗೆ ಕಲಿಯಲು ಬಂದವಳ ಕೈಗೆ ಅಲ್ಲಿಯೂ ಮೊದಲು ಪೆನ್ಸಿಲು ಕೊಟ್ಟು, ನಿನ್ನ ಅಮ್ಮನ ಭುಜ ಬರೆದುಕೊಂಡು ಬಾ ಅನ್ನುತ್ತಿದ್ದರು.

ಹೋದ ಶ್ರಾವಣದಲ್ಲಿ ಜ್ವರ ಬಂದು ಮಲಗಿದವರು ಏಳಲಿಲ್ಲ. ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ನಾನು ಹೋಗಿ ಸೇರುವ ಹೊತ್ತಿಗೆ ಬೆಳಗಾಗಿತ್ತು, ಜೀವ ಹೋಗಿತ್ತು. ಅತ್ತೆ ನೀರು ಕಾಯಿಸುತ್ತಿದ್ದಳು. ಅಷ್ಟರಲ್ಲಿ ಕೊರಟಗೆರೆಯಿಂದ ಮೇಡಮ್ಮನ ಮೈದುನ ಬಂದ. ವಯಸ್ಸಾದ ಮನುಷ್ಯ, ಉಳಿಯುವುದಿಲ್ಲವೆಂದು ಸುದ್ದಿ ಕೇಳಿ ಅಷ್ಟು ದೂರದಿಂದ ಬಂದಿದ್ದ. ಕೈಯಲ್ಲಿ ಹಸಿರು ಸೀರೆ, ಹಸಿರು ಬಳೆ, ಹೂವು, ಒಂದು ತಾಳಿ. ಅಣ್ಣ ಇನ್ನೂ ಬದುಕಿದ್ದಾನೆ, ಇದು ಮುತ್ತೈದೆ ಸಾವು, ನಮ್ಮ ಮನೆಯ ಸೊಸೆಯನ್ನ ಬರಿಗೊರಳಲ್ಲಿ ಮಣ್ಣು ಮಾಡೋಕಾಗಲ್ಲ ಅಂದ. ಮಾತಿನಲ್ಲಿ ಒರಟಿರಲಿಲ್ಲ. ಸೇರಿದ್ದ ನೆರೆಹೊರೆಯವರಿಗೆ ಅದು ನ್ಯಾಯವೇ ಅನ್ನಿಸಿತು. ಕೆಲವರು ಒಳ್ಳೆಯ ಮನುಷ್ಯ ಎಂದು ಹೊಗಳಿದರು.

ಅತ್ತೆ ಬಾಗಿಲಿಗೆ ಬಂದು ಎರಡೂ ಕಡೆ ಕೈ ಚಾಚಿ ನಿಂತಳು. "ಬದುಕಿದ್ದಾಗ ನಿಮ್ಮ ಸೀರೆ ಉಡಲಿಲ್ಲ. ಈಗ ಬೇಡ ಅಂತ ಕೈ ಎತ್ತೋಕಾಗಲ್ಲ ಅಂತ ಉಡಿಸ್ತೀರಾ?"

ಅವನಿಗೆ ಸಿಟ್ಟು ಬಂತು. ನೀನು ಯಾರು ಕೇಳೋಕೆ, ಜಾತಿಯಲ್ಲ, ಬಂಧುವಲ್ಲ, ಗಂಡ ಸತ್ತ ಬ್ರಾಹ್ಮಣರ ಹೆಂಗಸು ಅಂದ.

"ಇವಳ ಜೊತೆ ಇದ್ದೋಳು" ಅಂದಳು ಅತ್ತೆ.

ಕರ್ಮಕ್ಕೆ ಬಂದಿದ್ದ ಅಯ್ಯನವರು ಇಬ್ಬರನ್ನೂ ನೋಡಿದರು. ಲಿಂಗ ಮೈಮೇಲೆ ಇದೆಯೇ ಎಂದು ಕೇಳಿದರು. ಇದೆ ಅಂದಳು ಅತ್ತೆ. ಹಾಗಾದರೆ ನನಗೆ ಬೇಕಾದ್ದು ಇದೆ, ಬೇಗ ಮುಗಿಸಿ ಎಂದು ಜಗಲಿಯ ಮೇಲೆ ಕೂತರು. ಹೊಲಿಗೆ ಕ್ಲಾಸಿನ ಹುಡುಗಿಯರು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಮೀಯಿಸಿ, ಅವರೇ ಹೊಲಿದುಕೊಂಡಿದ್ದ ಬೂದು ಬಣ್ಣದ ಜಾಕೀಟು ತೊಡಿಸಿ, ದಿನವೂ ಉಡುತ್ತಿದ್ದ ಕೈಮಗ್ಗದ ಸೀರೆ ಉಡಿಸಿದೆವು. ಅತ್ತೆ ವಿಭೂತಿ ಹಚ್ಚಿದಳು. ಹೊರಗೆ ಬಂದು ಮೈದುನನಿಗೆ ಹಸಿರು ಸೀರೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಕೊಟ್ಟಳು. ಅವನು ತೆಗೆದುಕೊಂಡ.

ಲಿಂಗವಂತರ ಪದ್ಧತಿಯಂತೆ ಕೂರಿಸಿದ ಹೆಣವನ್ನು ಎತ್ತಿದರು. ಹೆಂಗಸರು ಬಾಗಿಲಿನಲ್ಲೇ ನಿಲ್ಲುವುದು ಆ ಊರಿನ ರೂಢಿ, ಸಮಾಧಿಯವರೆಗೆ ಹೋಗುವಂತಿರಲಿಲ್ಲ. ಅತ್ತೆ ಮೆಟ್ಟಿಲಿಳಿದು ನಡೆದಳು. ಅವಳ ಹಿಂದೆ ನಾನು, ನಮ್ಮ ಹಿಂದೆ ಹುಡುಗಿಯರು, ಆಮೇಲೆ ಅವರ ತಾಯಂದಿರು. ತಡೆಯಬೇಕೆಂದು ಇಬ್ಬರು ಮೂವರು ಹಿರಿಯರು ಎದ್ದರು. ತಡೆಯುವುದಕ್ಕೆ ಅತ್ತೆಯ ಎದುರಿಗೆ ಬಂದು ನಿಲ್ಲಬೇಕಾಗಿತ್ತು. ಯಾರೂ ಬರಲಿಲ್ಲ.